ಬ್ಯಾಲೆಟ್‌ನಲ್ಲಿ ಜಡ್ಜ್ ಹೆಸರು ಬಂದಾಗ ಏನು ಮಾಡಬೇಕು? ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಅಮೆರಿಕದ ಪೌರತ್ವ ಬಂದ ಮೇಲೆ ಹಾಕಿದ ಮೊದಲ ವೋಟು ನನಗಿನ್ನೂ ಚೆನ್ನಾಗಿ ನೆನಪಿದೆ. ರಾತ್ರಿ ಊಟ ಮುಗಿಸಿ, ಮೇಜು ಒರೆಸಿ, ಅಂಚೆಯಲ್ಲಿ ಬಂದಿದ್ದ ಬ್ಯಾಲೆಟ್ ಹರಡಿಕೊಂಡು ಕೂತಿದ್ದೆವು. ಗವರ್ನರ್ ಸ್ಥಾನಕ್ಕೆ ಯಾರು ಅಂತ ಮೊದಲೇ ತೀರ್ಮಾನ ಆಗಿತ್ತು. ಉಳಿದವರ ಬಗ್ಗೆ ಮಕ್ಕಳ ಸ್ನೇಹಿತರ ಅಪ್ಪ ಅಮ್ಮಂದಿರು ಹೇಳಿದ್ದರು. ಕೆಳಗೆ ಬಂದರೆ "ಸುಪೀರಿಯರ್ ಕೋರ್ಟ್ ಜಡ್ಜ್, ಆಫೀಸ್ ನಂಬರ್ ಇಷ್ಟು" ಅಂತ ಬರೆದು ಎರಡು ಹೆಸರು. ಪಕ್ಷದ ಹೆಸರಿಲ್ಲ. ಇಬ್ಬರೂ ಯಾರೋ ಏನೋ. "ಜಡ್ಜ್‌ಗೂ ಎಲೆಕ್ಷನ್ನಾ?" ಅಂದರು ನಮ್ಮ ಮನೆಯವರು. ಆ ಜಾಗ ಖಾಲಿ ಬಿಟ್ಟು ಲಕೋಟೆ ಅಂಟಿಸಿದೆವು.

ಆಮೇಲೆ ಒಂದು ಸಲ ಜ್ಯೂರಿ ಡ್ಯೂಟಿಗೆ ಕರೆ ಬಂತು. ಅರ್ಧ ದಿನ ಕೋರ್ಟಿನಲ್ಲಿ ಕೂತಿದ್ದೆ. ಎದುರಿಗೆ ಆರೋಪಿಯ ಜಾಗದಲ್ಲಿ ನನ್ನ ಅಣ್ಣನ ಮಗನ ವಯಸ್ಸಿನ ಹುಡುಗ. ಅವನ ಹಿಂದಿನ ಬೆಂಚಿನಲ್ಲಿ ಅವನ ತಾಯಿ, ಕೈಚೀಲವನ್ನು ಎದೆಗೆ ಅವುಚಿಕೊಂಡು. ಜಡ್ಜ್ ಒಂದು ಮಾತು ಆಡಿದರೆ ಸಾಕು, ಆ ತಾಯಿ ತಲೆ ಎತ್ತಿ ನೋಡುತ್ತಿದ್ದರು. ಆ ಕುರ್ಚಿಯಲ್ಲಿ ಯಾರು ಕೂರಬೇಕು ಅಂತ ಕೇಳಿದ ಪ್ರಶ್ನೆಗೆ ನಾನು ಉತ್ತರವನ್ನೇ ಕೊಟ್ಟಿರಲಿಲ್ಲ. ಅವತ್ತಿಂದ ಆ ಜಾಗ ಖಾಲಿ ಬಿಟ್ಟಿಲ್ಲ. ಪ್ರತಿ ಸಲ ನಾನು ಮಾಡುವ ಹೋಮ್‌ವರ್ಕನ್ನೇ ಇಲ್ಲಿ ಬರೆದಿದ್ದೇನೆ. ಒಂದೆರಡು ಗಂಟೆಯ ಕೆಲಸ. ಕೋರ್ಟಿಗೆ ಹೋಗಿ ನೋಡುವ ಮನಸ್ಸಿದ್ದರೆ ಅರ್ಧ ದಿನ.

ಶುರು ಮಾಡುವ ಮುಂಚೆ ಒಂದು ಮಾತು

ವೋಟು ಹಾಕುವ ಹಕ್ಕು ಅಮೆರಿಕದ ಪೌರರಿಗೆ ಮಾತ್ರ. ಗ್ರೀನ್ ಕಾರ್ಡ್ ಇದ್ದರೂ ಇಲ್ಲ, ಎಚ್-1ಬಿ ಇದ್ದರೂ ಇಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಡಿಎಂವಿಯಲ್ಲಿ, ಅಂದರೆ ಇಲ್ಲಿನ ವಾಹನ ಇಲಾಖೆಯಲ್ಲಿ, ಲೈಸೆನ್ಸ್‌ಗೆ ಅರ್ಜಿ ಹಾಕುವಾಗಲೇ ಮತದಾರರ ನೋಂದಣಿಯ ಪ್ರಶ್ನೆಗಳೂ ಬರುತ್ತವೆ. ಊರಿಂದ ಬಂದು ಗ್ರೀನ್ ಕಾರ್ಡ್ ಮೇಲೆ ಇರುವ ಅಪ್ಪ ಅಮ್ಮ ಗೊತ್ತಾಗದೆ ಟಿಕ್ ಮಾಡಿಬಿಡಬಹುದು. ಪೌರರಲ್ಲದವರು ಫೆಡರಲ್ ಚುನಾವಣೆಯಲ್ಲಿ ವೋಟು ಹಾಕಿದರೆ ಅದು ಅಪರಾಧ, ದೇಶದಿಂದ ಹೊರಗೆ ಕಳಿಸುವುದಕ್ಕೂ ಕಾರಣ ಆಗಬಹುದು. ಹಾಗಾಗಿ ಹಿರಿಯರ ಜೊತೆ ಹೋಗಿ, ಪ್ರತಿ ಪ್ರಶ್ನೆಯನ್ನೂ ಓದಿ ಹೇಳಿ.

ಪೌರತ್ವ ಇದ್ದವರು ಚುನಾವಣೆಗೆ 15 ದಿನ ಮುಂಚೆಯೇ ನೋಂದಣಿ ಮಾಡಿಕೊಳ್ಳಿ. ಆ ಗಡುವು ತಪ್ಪಿಹೋದರೆ ಮತಗಟ್ಟೆಗೋ ಕೌಂಟಿಯ ಚುನಾವಣಾ ಕಚೇರಿಗೋ ಹೋಗಿ, ಅವತ್ತೇ ನೋಂದಣಿ ಮಾಡಿಸಿ ವೋಟು ಹಾಕುವ ದಾರಿಯೂ ಇದೆ.

ಹೆಜ್ಜೆ 1: ಇದು ಯಾವ ಕೋರ್ಟು ಅಂತ ತಿಳಿದುಕೊಳ್ಳಿ

ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳಿವೆ. ಪ್ರತಿ ಕೌಂಟಿಗೂ ಒಂದು ಸುಪೀರಿಯರ್ ಕೋರ್ಟ್. ಹೆಸರು ದೊಡ್ಡದು, ಆದರೆ ಇದು ನಮ್ಮ ಹೈಕೋರ್ಟ್ ತರಹ ಅಲ್ಲ. ಸಾಕ್ಷಿ ಕೇಳಿ, ವಿಚಾರಣೆ ನಡೆಸಿ, ಮೊದಲ ತೀರ್ಪು ಕೊಡುವ ಕೋರ್ಟು. ನಮ್ಮ ಜಿಲ್ಲಾ ನ್ಯಾಯಾಲಯ ಮತ್ತು ಅದರ ಕೆಳಗಿನ ಕೋರ್ಟುಗಳನ್ನೆಲ್ಲ ಒಂದೇ ಸೂರಿನಡಿ ತಂದ ಹಾಗೆ. ಮುಂಚೆ ಸಣ್ಣ ಕೇಸುಗಳಿಗೆ ಮುನಿಸಿಪಲ್ ಕೋರ್ಟ್ ಅಂತ ಬೇರೆ ಇತ್ತು. 1998ರಲ್ಲಿ ಮತದಾರರು ಒಪ್ಪಿಗೆ ಕೊಟ್ಟ ಮೇಲೆ ಒಂದೊಂದೇ ಕೌಂಟಿಯಲ್ಲಿ ಎರಡೂ ಸೇರಿಕೊಂಡವು.

ಹಾಗಾಗಿ ಸ್ಪೀಡಿಂಗ್ ಟಿಕೆಟ್‌ನಿಂದ ಕೊಲೆ ಕೇಸಿನವರೆಗೆ ಎಲ್ಲಾ ಇಲ್ಲಿಗೇ ಬರುತ್ತದೆ. ಡಿವೋರ್ಸ್, ಮಕ್ಕಳು ಯಾರ ಹತ್ತಿರ ಇರಬೇಕು ಅನ್ನುವ ಜಗಳ, ಹೊಡೆತ ಬಡಿತದಿಂದ ರಕ್ಷಣೆ ಕೇಳುವ ಅರ್ಜಿ, ಬಾಡಿಗೆ ಮನೆ ಖಾಲಿ ಮಾಡಿಸುವ ಕೇಸು, ಕುಡಿದು ಗಾಡಿ ಓಡಿಸಿದ ಕೇಸು, ವಿಲ್ ಇಲ್ಲದೆ ತೀರಿಕೊಂಡವರ ಆಸ್ತಿ. ನಮ್ಮ ಕನ್ನಡ ಕುಟುಂಬಗಳಿಗೆ ಯಾವತ್ತಾದರೂ ಅಮೆರಿಕದ ನ್ಯಾಯಾಂಗದ ಜೊತೆ ಕೆಲಸ ಬಿದ್ದರೆ, ಬಹಳ ಮಟ್ಟಿಗೆ ಅದು ಈ ಕೋರ್ಟಿನಲ್ಲೇ. ಟಿವಿಯಲ್ಲಿ ಕಾಣುವ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್ ಜಡ್ಜ್ ನಿಮ್ಮ ಮನೆಯ ಕೇಸನ್ನು ನೋಡುವುದಿಲ್ಲ. ಇವರು ನೋಡುತ್ತಾರೆ.

ಬ್ಯಾಲೆಟ್ ಮೇಲೆ ನ್ಯಾಯಾಂಗದ ಇನ್ನೊಂದು ಭಾಗವೂ ಬರಬಹುದು. ನವೆಂಬರ್ ಚುನಾವಣೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಮತ್ತು ಅಪೀಲು ಕೋರ್ಟಿನ ನ್ಯಾಯಮೂರ್ತಿಗಳ ಹೆಸರು ಹಾಕಿ, "ಇವರು ಮುಂದುವರಿಯಬೇಕೇ, ಬೇಡವೇ" ಅಂತ ಕೇಳುತ್ತಾರೆ. ಅಲ್ಲಿ ಎದುರಾಳಿ ಇರುವುದಿಲ್ಲ. ಆ ಅವಧಿ 12 ವರ್ಷ. 1986ರಲ್ಲಿ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಮತ್ತು ಇನ್ನಿಬ್ಬರನ್ನು ಜನ ಹೀಗೆಯೇ ಮನೆಗೆ ಕಳಿಸಿದ್ದರು. ಸುಪೀರಿಯರ್ ಕೋರ್ಟಿನದು ಬೇರೆ ರೀತಿ. ಇಲ್ಲಿ ಒಬ್ಬರ ವಿರುದ್ಧ ಒಬ್ಬರು ನಿಲ್ಲುತ್ತಾರೆ. ಅವಧಿ 6 ವರ್ಷ.

ಹೆಜ್ಜೆ 2: ಆ ಕುರ್ಚಿಗೆ ಹೇಗೆ ಬರುತ್ತಾರೆ ಅಂತ ಅರ್ಥ ಮಾಡಿಕೊಳ್ಳಿ

ನಮ್ಮ ಕಡೆ ಸಿವಿಲ್ ಜಡ್ಜ್ ಆಗಬೇಕಾದರೆ ಹೈಕೋರ್ಟ್ ನಡೆಸುವ ಪರೀಕ್ಷೆ ಬರೆಯಬೇಕು. ವಕೀಲರು ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಬೇಕಾದರೆ ಕನಿಷ್ಠ 7 ವರ್ಷದ ವಕೀಲಿಕೆ ಬೇಕು, ಜೊತೆಗೆ ಹೈಕೋರ್ಟಿನ ಶಿಫಾರಸು ಬೇಕು. ಜನರ ವೋಟಿಗೂ ಇದಕ್ಕೂ ಸಂಬಂಧವೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷೆ ಅಂದರೆ ವಕೀಲರಾಗುವಾಗ ಬರೆಯುವ ಬಾರ್ ಪರೀಕ್ಷೆ ಅಷ್ಟೇ. ಆಮೇಲೆ 10 ವರ್ಷ ಸ್ಟೇಟ್ ಬಾರ್ (ರಾಜ್ಯದ ವಕೀಲರ ನಿಯಂತ್ರಣ ಸಂಸ್ಥೆ) ಸದಸ್ಯರಾಗಿದ್ದರೆ ಜಡ್ಜ್ ಆಗುವ ಅರ್ಹತೆ ಬಂತು.

ಅಲ್ಲಿಂದ ಮುಂದೆ ಎರಡು ಬಾಗಿಲು. ಒಂದು, ಗವರ್ನರ್ ನೇಮಕ. ಅವಧಿ ಮುಗಿಯುವ ಮುಂಚೆ ಯಾರಾದರೂ ನಿವೃತ್ತರಾದರೆ ಆ ಜಾಗಕ್ಕೆ ಗವರ್ನರ್ ಒಬ್ಬರನ್ನು ನೇಮಿಸುತ್ತಾರೆ. ನೇಮಕಕ್ಕೆ ಮುಂಚೆ ಸ್ಟೇಟ್ ಬಾರ್‌ನ ಒಂದು ಆಯೋಗ ಆ ವಕೀಲರ ಹಿನ್ನೆಲೆ ಜಾಲಾಡುತ್ತದೆ. ಅವರ ಜೊತೆ ಕೆಲಸ ಮಾಡಿದವರಿಗೆ, ಎದುರು ವಾದಿಸಿದವರಿಗೆ, ಜಡ್ಜ್‌ಗಳಿಗೆ ಗುಟ್ಟಾಗಿ ಪ್ರಶ್ನಾವಳಿ ಹೋಗುತ್ತದೆ. ಕೊನೆಗೆ ಅರ್ಹರೋ ಅಲ್ಲವೋ ಅಂತ ನಾಲ್ಕು ದರ್ಜೆಗಳಲ್ಲಿ ಅಭಿಪ್ರಾಯ ಕೊಡುತ್ತಾರೆ. ಈಗ ಕುರ್ಚಿಯಲ್ಲಿ ಇರುವವರಲ್ಲಿ ಹೆಚ್ಚಿನವರು ಬಂದದ್ದು ಈ ಬಾಗಿಲಿಂದಲೇ.

ಇನ್ನೊಂದು ಬಾಗಿಲು ನೇರ ಚುನಾವಣೆ. ಖಾಲಿ ಆಗುವ ಜಾಗಕ್ಕೋ, ಹಾಲಿ ಜಡ್ಜ್ ವಿರುದ್ಧವೋ ನಿಲ್ಲಬಹುದು. ಮೊದಲು "ಈ ಸ್ಥಾನಕ್ಕೆ ನಿಲ್ಲುತ್ತೇನೆ" ಅಂತ ಘೋಷಣೆ ಸಲ್ಲಿಸಬೇಕು. ವರ್ಷದ ಸಂಬಳದ ಶೇಕಡಾ 1ರಷ್ಟು ಶುಲ್ಕ ಕಟ್ಟಬೇಕು. ಜಡ್ಜ್ ಸಂಬಳ ವರ್ಷಕ್ಕೆ 2 ಲಕ್ಷ ಡಾಲರ್‌ಗೂ ಜಾಸ್ತಿ, ಅಂದರೆ ಶುಲ್ಕವೇ 2 ಸಾವಿರ ಡಾಲರ್ ದಾಟುತ್ತದೆ. ಈ ಬಾಗಿಲಿಂದ ಬರುವವರನ್ನು ಯಾವ ಆಯೋಗವೂ ಕಡ್ಡಾಯವಾಗಿ ಪರೀಕ್ಷಿಸುವುದಿಲ್ಲ. ಪರೀಕ್ಷಿಸಬೇಕಾದವರು ನೀವು. ಈ ಇಡೀ ಲೇಖನ ಬರೆಯುತ್ತಿರುವುದೇ ಆ ಒಂದು ಕಾರಣಕ್ಕೆ.

"ಆಫೀಸ್ ನಂಬರ್" ಅನ್ನುವುದರಲ್ಲಿ ಗುಟ್ಟೇನೂ ಇಲ್ಲ. ಒಂದು ಕೋರ್ಟಿನಲ್ಲಿ ಹತ್ತಾರು, ಲಾಸ್ ಏಂಜಲೀಸ್‌ನಂಥ ಕಡೆ ನೂರಾರು ಜಡ್ಜ್‌ಗಳಿರುತ್ತಾರೆ. ಯಾರು ಯಾವ ಕುರ್ಚಿಗೆ ಸ್ಪರ್ಧಿಸುತ್ತಿದ್ದಾರೆ ಅಂತ ಗುರುತಿಸಲು ಒಂದೊಂದು ಸಂಖ್ಯೆ, ಅಷ್ಟೇ.

ಹೆಜ್ಜೆ 3: ಕ್ಯಾಲೆಂಡರ್ ಗುರುತು ಹಾಕಿಕೊಳ್ಳಿ, ಮುಖ್ಯವಾಗಿ ಪ್ರಾಥಮಿಕ ಚುನಾವಣೆಗೆ

ತುಂಬಾ ಜನ ಎಡವುವುದು ಇಲ್ಲಿ. ಜಡ್ಜ್‌ಗಳ ಸ್ಪರ್ಧೆ ನವೆಂಬರ್‌ವರೆಗೆ ಕಾಯುವುದಿಲ್ಲ. ಮುಖ್ಯ ಚುನಾವಣೆಗೆ ತಿಂಗಳುಗಳ ಮುಂಚೆ ನಡೆಯುವ ಮೊದಲ ಸುತ್ತು, ಅಂದರೆ ಪ್ರಾಥಮಿಕ ಚುನಾವಣೆಯಲ್ಲೇ ಒಬ್ಬರಿಗೆ ಅರ್ಧಕ್ಕಿಂತ ಜಾಸ್ತಿ ವೋಟು ಬಂದರೆ ಅಲ್ಲಿಗೇ ಮುಗಿಯಿತು. ಬರದಿದ್ದರೆ ಮಾತ್ರ ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಇಬ್ಬರೇ ನಿಂತಿದ್ದರೆ ಲೆಕ್ಕ ನೀವೇ ಹಾಕಿ. ಅಧ್ಯಕ್ಷರ ಚುನಾವಣೆ ಇರುವ ವರ್ಷ ಪ್ರಾಥಮಿಕ ಮಾರ್ಚ್‌ನಲ್ಲಿ ಬರುತ್ತದೆ, ಗವರ್ನರ್ ಚುನಾವಣೆಯ ವರ್ಷ ಜೂನ್‌ನಲ್ಲಿ. 2026ಕ್ಕೆ ನಿಗದಿಯಾದದ್ದು ಜೂನ್ 2, ಮುಖ್ಯ ಚುನಾವಣೆ ನವೆಂಬರ್ 3. ಜೂನ್ ಅಂದರೆ ಶಾಲೆ ರಜೆ ಶುರು, ಬೆಂಗಳೂರಿಗೆ ಟಿಕೆಟ್ ಬುಕ್ ಆಗಿರುತ್ತದೆ. ಬ್ಯಾಲೆಟ್ ಸುಮಾರು ಒಂದು ತಿಂಗಳ ಮುಂಚೆಯೇ ಮನೆಗೆ ಬರುತ್ತದೆ. ವಿಮಾನ ಹತ್ತುವ ಮುಂಚೆ ಹಾಕಿಬಿಡಿ.

ಇನ್ನೊಂದು ವಿಷಯ. ಹಾಲಿ ಜಡ್ಜ್ ವಿರುದ್ಧ ಯಾರೂ ನಿಲ್ಲದಿದ್ದರೆ ಅವರ ಹೆಸರು ಸಾಮಾನ್ಯವಾಗಿ ಬ್ಯಾಲೆಟ್ ಮೇಲೆ ಬರುವುದೇ ಇಲ್ಲ. ಸುಮ್ನೆ ಇನ್ನೊಂದು 6 ವರ್ಷ ಮುಂದುವರಿಯುತ್ತಾರೆ. ಹಾಗಾಗಿ ನಿಮ್ಮ ಕೌಂಟಿಯ ಬಹುಪಾಲು ಜಡ್ಜ್‌ಗಳ ಹೆಸರನ್ನು ನೀವು ಬ್ಯಾಲೆಟ್‌ನಲ್ಲಿ ನೋಡದೆಯೇ ಹೋಗಬಹುದು. ಹೆಸರು ಕಾಣಿಸಿತು ಅಂದರೆ ಅಲ್ಲಿ ನಿಜವಾದ ಸ್ಪರ್ಧೆ ಇದೆ ಅಂತ ಅರ್ಥ.

ಇದಕ್ಕೆ ನಮ್ಮ ಸ್ಯಾಂಟಾ ಕ್ಲಾರಾ ಕೌಂಟಿಯದೇ ಉದಾಹರಣೆ ಇದೆ. 2016ರ ಜೂನ್ 2ರಂದು ಜಡ್ಜ್ ಏರನ್ ಪರ್ಸ್ಕಿ ಒಂದು ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ ಶಿಕ್ಷೆ ಹೇಳಿದರು. ಅಪರಾಧಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಹುಡುಗ. ಸರ್ಕಾರಿ ವಕೀಲರು ಕೇಳಿದ್ದು 6 ವರ್ಷದ ಸೆರೆವಾಸ. ಸಿಕ್ಕಿದ್ದು ಕೌಂಟಿ ಜೈಲಿನಲ್ಲಿ 6 ತಿಂಗಳು. ಅದರಲ್ಲಿ ಅವನು ಕಳೆದದ್ದು 3 ತಿಂಗಳು. ದೇಶವೇ ಸಿಟ್ಟಾಯಿತು. ಆದರೆ ಐದೇ ದಿನಕ್ಕೆ ನಡೆದ ಪ್ರಾಥಮಿಕ ಚುನಾವಣೆಯಲ್ಲಿ ಪರ್ಸ್ಕಿ ಹೆಸರು ಬ್ಯಾಲೆಟ್ ಮೇಲೆ ಇರಲಿಲ್ಲ. ಅವರ ವಿರುದ್ಧ ಯಾರೂ ನಿಂತಿರಲಿಲ್ಲ. ಅವಧಿ ತಾನಾಗಿಯೇ ಮುಂದುವರಿಯಿತು. ಆಮೇಲೆ ಸಹಿ ಸಂಗ್ರಹಿಸಿ, ಅವರನ್ನು ವಾಪಸ್ ಕರೆಸುವ ಪ್ರಶ್ನೆಯನ್ನೇ ಜನರ ಮುಂದೆ ಇಡಬೇಕಾಯಿತು. 2018ರ ಜೂನ್ 5ರಂದು ಶೇಕಡಾ 60ಕ್ಕೂ ಹೆಚ್ಚು ಮತದಾರರು ಅವರನ್ನು ಕೆಳಗಿಳಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಒಬ್ಬ ಜಡ್ಜ್‌ನನ್ನು ವಾಪಸ್ ಕರೆಸಿದ್ದು 1932ರ ನಂತರ ಅದೇ ಮೊದಲು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ಜಡ್ಜ್‌ಗಳ ನಡವಳಿಕೆ ವಿಚಾರಿಸುವ ರಾಜ್ಯದ ಆಯೋಗ ಅದೇ 2016ರ ಡಿಸೆಂಬರ್‌ನಲ್ಲಿ ಪರ್ಸ್ಕಿ ತಪ್ಪು ನಡವಳಿಕೆ ತೋರಿಲ್ಲ ಅಂತ ಹೇಳಿತ್ತು. ಶಿಕ್ಷೆ ಕಮ್ಮಿ ಆಯಿತು ಅಂದ ಜಿಲ್ಲಾ ಅಟಾರ್ನಿಯೇ (ಕೌಂಟಿಯ ಮುಖ್ಯ ಸರ್ಕಾರಿ ವಕೀಲರು), ಜಡ್ಜ್‌ನನ್ನು ಇಳಿಸುವುದು ಸರಿಯಲ್ಲ ಅಂದರು. ಒಂದು ತೀರ್ಪಿಗೆ ಕೆಲಸ ಹೋಗುತ್ತದೆ ಅನ್ನುವ ಭಯ ಹುಟ್ಟಿದರೆ ಎಲ್ಲಾ ಜಡ್ಜ್‌ಗಳೂ ಬಡ ಆರೋಪಿಗೂ ಜಾಸ್ತಿ ಶಿಕ್ಷೆ ಕೊಡಲು ಶುರು ಮಾಡುತ್ತಾರೆ ಅನ್ನುವುದು ವಿರೋಧಿಸಿದವರ ವಾದ. ನಾನು ಈ ವಾದವನ್ನು ತಳ್ಳಿಹಾಕುವುದಿಲ್ಲ. ನನಗೆ ಅನ್ನಿಸುವುದು ಇಷ್ಟು: ಮುಂಚೆ ಗಮನ ಕೊಡುವುದು ಸುಲಭ, ಆಮೇಲೆ ಇಳಿಸುವುದು ಎಲ್ಲರಿಗೂ ನೋವಿನ ಕೆಲಸ.

ಹೆಜ್ಜೆ 4: ಕಾಗದದ ಮೇಲೆ ಇರುವುದನ್ನು ಓದಿ

ಮೊದಲು ಕೌಂಟಿಯಿಂದ ಬರುವ ಮತದಾರರ ಪುಸ್ತಿಕೆ ತೆಗೆಯಿರಿ. ಹೆಸರಿನ ಕೆಳಗೆ ಅಭ್ಯರ್ಥಿಯ ವೃತ್ತಿ ಬರೆದಿರುತ್ತದೆ. ಆ ಎರಡು ಮೂರು ಪದ ನೋಡಿಯೇ ತುಂಬಾ ಜನ ವೋಟು ಹಾಕಿಬಿಡುತ್ತಾರೆ. ಇದು ಅಭ್ಯರ್ಥಿಗಳಿಗೂ ಗೊತ್ತು. ಒಂದು ಕಾಲದಲ್ಲಿ ಲಾಸ್ ಏಂಜಲೀಸ್ ಕಡೆ ಸರ್ಕಾರಿ ವಕೀಲರು ತಮ್ಮನ್ನು ಗ್ಯಾಂಗ್ ಕೊಲೆಗಳ ಪ್ರಾಸಿಕ್ಯೂಟರ್ ಅಂತೆಲ್ಲ ಬರೆಸಿಕೊಳ್ಳುತ್ತಿದ್ದರು. ಅದರ ಎದುರು ಬರೀ "ವಕೀಲ" ಅಂತ ಬರೆದವರು ಸಪ್ಪೆ ಕಾಣಿಸುತ್ತಿದ್ದರು. 2017ರಲ್ಲಿ ಕಾನೂನು ಬದಲಾಯಿತು. ಈಗ ಸರ್ಕಾರಿ ವಕೀಲರು ತಮ್ಮ ನಿಜವಾದ ಹುದ್ದೆಯ ಹೆಸರನ್ನೇ ಹಾಕಬೇಕು. ಆದರೂ ಹುದ್ದೆ ನೋಡಿ ಮನುಷ್ಯರನ್ನು ಅಳೆಯಬೇಡಿ. ಪ್ರಾಸಿಕ್ಯೂಟರ್ ಆಗಿದ್ದವರೆಲ್ಲ ಕಠಿಣ, ಬಡವರ ಪರ ವಾದಿಸುವ ಪಬ್ಲಿಕ್ ಡಿಫೆಂಡರ್ ಆಗಿದ್ದವರೆಲ್ಲ ಮೃದು ಅಂತ ಏನೂ ಇಲ್ಲ.

ಪುಸ್ತಿಕೆಯ ಒಳಗೆ ಅಭ್ಯರ್ಥಿಯ ಹೇಳಿಕೆ ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ಅಚ್ಚು ಮಾಡಿಸಲು ಅವರೇ ದುಡ್ಡು ಕೊಡಬೇಕು. ದೊಡ್ಡ ಕೌಂಟಿಗಳಲ್ಲಿ ಅದು ಭಾರಿ ಮೊತ್ತ. ಹಾಗಾಗಿ ಹೇಳಿಕೆ ಇಲ್ಲ ಅಂದ ಮಾತ್ರಕ್ಕೆ ಸೋಮಾರಿ ಅಂದುಕೊಳ್ಳಬೇಡಿ. ಹೇಳಿಕೆಯಲ್ಲಿ ತಮ್ಮ ಬಗ್ಗೆ ಮಾತ್ರ ಬರೆಯಬಹುದು, ಎದುರಾಳಿಯನ್ನು ಬೈಯುವ ಹಾಗಿಲ್ಲ.

ಇನ್ನು ಸ್ಟೇಟ್ ಬಾರ್ ವೆಬ್‌ಸೈಟ್. ಅಭ್ಯರ್ಥಿಯ ಹೆಸರು ಹಾಕಿದರೆ ಯಾವ ವರ್ಷ ವಕೀಲರಾದರು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಶಿಸ್ತು ಕ್ರಮ ಏನಾದರೂ ಆಗಿದೆಯೇ ಅಂತ ಎರಡು ನಿಮಿಷದಲ್ಲಿ ಕಾಣಿಸುತ್ತದೆ. ಇದಕ್ಕೆ ದುಡ್ಡಿಲ್ಲ, ಲಾಗಿನ್ ಇಲ್ಲ. ಹಾಲಿ ಜಡ್ಜ್ ಆಗಿದ್ದರೆ ಕಮಿಷನ್ ಆನ್ ಜುಡಿಷಿಯಲ್ ಪರ್ಫಾರ್ಮೆನ್ಸ್ ವೆಬ್‌ಸೈಟ್ ನೋಡಿ. 1960ರಲ್ಲಿ ಶುರುವಾದ ಈ ಆಯೋಗ ಅಮೆರಿಕದಲ್ಲೇ ಇಂಥದ್ದರಲ್ಲಿ ಮೊದಲನೆಯದು. ಜಡ್ಜ್‌ಗೆ ಬಹಿರಂಗವಾಗಿ ಛೀಮಾರಿ ಹಾಕಿದ್ದರೆ ಆ ಆದೇಶ ಪೂರ್ತಿ ಅಲ್ಲಿರುತ್ತದೆ.

ಆಮೇಲೆ ಬಾರ್ ಅಸೋಸಿಯೇಷನ್‌ಗಳ ಮೌಲ್ಯಮಾಪನ. ಲಾಸ್ ಏಂಜಲೀಸ್ ಕೌಂಟಿಯ ವಕೀಲರ ಸಂಘ ಪ್ರತಿ ಅಭ್ಯರ್ಥಿಗೂ "ಅತ್ಯುತ್ತಮ ಅರ್ಹತೆ" ಇಂದ "ಅರ್ಹರಲ್ಲ"ವರೆಗೆ ನಾಲ್ಕು ದರ್ಜೆಯಲ್ಲಿ ಅಂಕ ಕೊಡುತ್ತದೆ. ನಿಮ್ಮ ಕೌಂಟಿಯ ಸಂಘವೂ ಹಾಗೆ ಮಾಡುತ್ತದೆಯೇ ಅಂತ ಹುಡುಕಿ. ನಾನು ಜಾಸ್ತಿ ತೂಕ ಕೊಡುವುದು ಇದಕ್ಕೆ. ಯಾಕೆಂದರೆ ದಿನಾ ಆ ಕೋರ್ಟಿನಲ್ಲಿ ನಿಲ್ಲುವವರು ವಕೀಲರೇ ಅಲ್ವಾ?

ಇದಕ್ಕೆ ಕಿವಿಗೊಡದಿದ್ದರೆ ಏನಾಗುತ್ತದೆ ಅಂತ 2006ರಲ್ಲಿ ಲಾಸ್ ಏಂಜಲೀಸ್ ನೋಡಿತು. ಡ್ಜಿಂಟ್ರಾ ಯಾನವ್ಸ್ ಅಂತ ಒಬ್ಬ ಜಡ್ಜ್. ಹುಟ್ಟಿದ್ದು ಲಾಟ್ವಿಯಾದಲ್ಲಿ. ಸುಮಾರು 20 ವರ್ಷದ ಅನುಭವ. ವಕೀಲರ ಸಂಘದಿಂದ ಅತ್ಯುತ್ತಮ ದರ್ಜೆ. ಅವರ ವಿರುದ್ಧ ನಿಂತವರು ಬೇಗಲ್ ಅಂಗಡಿ ನಡೆಸುತ್ತಿದ್ದ, ವಕೀಲಿಕೆಯನ್ನು ಹೆಚ್ಚು ಕಡಿಮೆ ಬಿಟ್ಟೇ ಬಿಟ್ಟಿದ್ದ ಒಬ್ಬರು. ಸಂಘ ಅವರಿಗೆ ಕೊಟ್ಟದ್ದು "ಅರ್ಹರಲ್ಲ" ಅನ್ನುವ ದರ್ಜೆ. ಗೆದ್ದವರು ಅವರೇ. ಯಾನವ್ಸ್ ಅವರನ್ನು ಸೋಲಿಸಿದ್ದು ಬಾಯಿಗೆ ಸಲೀಸಾಗಿ ಬಾರದ ಅವರ ಹೆಸರು ಅಂತ ಆಗ ತುಂಬಾ ಜನ ಆಡಿಕೊಂಡರು. ಗವರ್ನರ್ ಶ್ವಾರ್ಟ್ಸ್‌ನೆಗರ್ ಕೂಡಲೇ ಅವರನ್ನು ಇನ್ನೊಂದು ಖಾಲಿ ಜಾಗಕ್ಕೆ ನೇಮಿಸಿ ವಾಪಸ್ ತಂದರು.

ಈ ಪ್ರಸಂಗ ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ನಮ್ಮ ಮಕ್ಕಳ ಹೆಸರು ನೋಡಿ. ಅಂಗಡಿಯಲ್ಲಿ ಕಾಫಿ ಲೋಟದ ಮೇಲೆ ಸರಿಯಾಗಿ ಬರೆದವರನ್ನು ನಾನು ಇನ್ನೂ ಕಂಡಿಲ್ಲ. ನಾಳೆ ನಮ್ಮ ಮಗಳೋ ಪಕ್ಕದ ಮನೆಯ ಹುಡುಗನೋ ಲಾ ಸ್ಕೂಲ್ ಮುಗಿಸಿ, ಹತ್ತಾರು ವರ್ಷ ದುಡಿದು ಆ ಕುರ್ಚಿಗೆ ನಿಂತರೆ, ಗುರುತಿಲ್ಲದ ಮತದಾರ ಹೆಸರು ನೋಡಿ ತಳ್ಳಿಬಿಡಬಾರದು. ಹಾಗೆಯೇ ನಾವೂ ಹೆಸರು ನಮ್ಮದರ ಹಾಗೆ ಕೇಳಿಸಿತು ಅಂತ ಕಣ್ಣು ಮುಚ್ಚಿ ಗುರುತು ಹಾಕಬಾರದು.

ಹೆಜ್ಜೆ 5: ದುಡ್ಡು ಎಲ್ಲಿಂದ ಬಂತು, ಬೆಂಬಲ ಯಾರದ್ದು ನೋಡಿ

ಚುನಾವಣೆಗೆ ಕೆಲವು ವಾರ ಇರುವಾಗ ಅಂಚೆಪೆಟ್ಟಿಗೆಗೆ ಬಣ್ಣ ಬಣ್ಣದ ಕಾರ್ಡುಗಳು ಬರುತ್ತವೆ. "ಮತದಾರರ ಮಾರ್ಗದರ್ಶಿ" ಅಂತ ಮೇಲೆ ದೊಡ್ಡದಾಗಿ ಬರೆದು, ಕೆಳಗೆ ಹೆಸರುಗಳ ಪಟ್ಟಿ. ಕಿಟಕಿ ಹತ್ತಿರ ಹಿಡಿದು ಸರಿಯಾಗಿ ನೋಡಿ. ಕೆಲವು ಹೆಸರುಗಳ ಪಕ್ಕ ಒಂದು ಸಣ್ಣ ನಕ್ಷತ್ರದ ಗುರುತು ಇರುತ್ತದೆ. ಆ ಪಟ್ಟಿಯಲ್ಲಿ ಜಾಗ ಪಡೆಯಲು ದುಡ್ಡು ಕೊಟ್ಟಿದ್ದಾರೆ ಅಂತ ಅದರ ಅರ್ಥ. ಕಾನೂನಿನ ಪ್ರಕಾರ ಆ ಗುರುತು ಹಾಕಲೇಬೇಕು. ಮೊದಲ ಸಲ ಇದನ್ನು ಗಮನಿಸಿದ ದಿನದಿಂದ ನಾನು ಆ ಕಾರ್ಡುಗಳನ್ನು ನೆಚ್ಚಿಕೊಂಡಿಲ್ಲ.

ಅಭ್ಯರ್ಥಿಗಳು ಚುನಾವಣಾ ದೇಣಿಗೆಯ ಲೆಕ್ಕವನ್ನು ಫಾರ್ಮ್ 460ರಲ್ಲಿ, ತಮ್ಮ ಆಸ್ತಿ ಮತ್ತು ಹೂಡಿಕೆಯ ವಿವರವನ್ನು ಫಾರ್ಮ್ 700ರಲ್ಲಿ ಕೊಡಬೇಕು. ಎರಡನ್ನೂ ಯಾರು ಬೇಕಾದರೂ ನೋಡಬಹುದು. ಒಂದೇ ಉದ್ಯಮದಿಂದ ರಾಶಿ ದುಡ್ಡು ಬಂದಿದೆಯೇ, ಆ ಉದ್ಯಮದ ಕೇಸುಗಳು ಇದೇ ಕೋರ್ಟಿಗೆ ಬರುತ್ತವೆಯೇ ಅಂತ ನೋಡಿದರೆ ಸಾಕು. ಬೆಂಬಲಿಗರ ಪಟ್ಟಿಯಲ್ಲಿ ರಾಜಕಾರಣಿಗಳಿಗಿಂತ ಅದೇ ಕೋರ್ಟಿನ ಹಾಲಿ ಜಡ್ಜ್‌ಗಳ ಹೆಸರು ಹುಡುಕಿ. ಅಭ್ಯರ್ಥಿಯ ಕೆಲಸವನ್ನು ಹತ್ತಿರದಿಂದ ಕಂಡವರು ಅವರೇ.

ಹೆಜ್ಜೆ 6: ಕೋರ್ಟಿಗೆ ಹೋಗಿ ಕೂತು ನೋಡಿ

ಇದನ್ನು ಮಾಡುವವರು ತೀರಾ ಕಮ್ಮಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಇದೇ. ಹೆಚ್ಚಿನ ವಿಚಾರಣೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ. ಅನುಮತಿ ಬೇಡ, ಕಾರಣ ಹೇಳುವುದು ಬೇಡ. ಮಕ್ಕಳಿಗೆ ಸಂಬಂಧಿಸಿದ ಕೆಲವು ವಿಚಾರಣೆಗಳಿಗೆ ಮಾತ್ರ ಬಿಡುವುದಿಲ್ಲ. ಸ್ಯಾನ್ ಹೋಸೆಯಲ್ಲಾದರೆ ಕ್ರಿಮಿನಲ್ ಕೇಸುಗಳಿಗೆ ಹಾಲ್ ಆಫ್ ಜಸ್ಟಿಸ್, ಡಿವೋರ್ಸ್ ಮತ್ತು ಕಸ್ಟಡಿ ಕೇಸುಗಳಿಗೆ ಫ್ಯಾಮಿಲಿ ಜಸ್ಟಿಸ್ ಸೆಂಟರ್. ಕೋರ್ಟ್ ವೆಬ್‌ಸೈಟಿನಲ್ಲಿ ಜಡ್ಜ್ ಹೆಸರು ಹುಡುಕಿ, ಯಾವ "ಡಿಪಾರ್ಟ್‌ಮೆಂಟ್"ನಲ್ಲಿ ಕೂರುತ್ತಾರೆ ಅಂತ ಬರೆದುಕೊಳ್ಳಿ. ಇಲ್ಲಿ ಕೋರ್ಟ್ ಹಾಲ್‌ಗೆ ಹಾಗೆ ಕರೆಯುತ್ತಾರೆ. ಬಾಗಿಲ ಬಳಿ ಸೆಕ್ಯುರಿಟಿ ಇರುತ್ತದೆ. ಸಣ್ಣ ಚಾಕು, ಕತ್ತರಿ ಬ್ಯಾಗಿನಲ್ಲಿ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ಫೋನ್ ಆಫ್ ಮಾಡಿ. ಜಡ್ಜ್ ಅನುಮತಿ ಇಲ್ಲದೆ ಫೋಟೋ, ರೆಕಾರ್ಡಿಂಗ್ ಯಾವುದೂ ಇಲ್ಲ. ಬೆಳಗ್ಗೆ ಬೇಗ ಹೋಗಿ. ಆ ಹೊತ್ತಿಗೆ ಸಣ್ಣ ಸಣ್ಣ ಕೇಸುಗಳು ಸಾಲಾಗಿ ಬರುತ್ತವೆ, ಒಂದು ಗಂಟೆಯಲ್ಲೇ ಹತ್ತಾರು ಜನರ ಜೊತೆ ಜಡ್ಜ್ ಹೇಗೆ ಮಾತಾಡುತ್ತಾರೆ ಅಂತ ಗೊತ್ತಾಗುತ್ತದೆ.

ನಾನು ನೋಡಿದ ಒಂದು ಬೆಳಗ್ಗೆ ಹೇಳುತ್ತೇನೆ. ಒಬ್ಬ ಹೆಂಗಸು, ಇಂಗ್ಲಿಷ್ ಬರುವುದಿಲ್ಲ, ಪಕ್ಕದಲ್ಲಿ ದುಭಾಷಿ. ಕ್ರಿಮಿನಲ್ ಕೇಸಿನಲ್ಲಿ ಭಾಷೆ ಬಾರದವರಿಗೆ ದುಭಾಷಿ ಸಿಗಬೇಕು ಅನ್ನುವುದು ಈ ರಾಜ್ಯದ ಸಂವಿಧಾನದಲ್ಲೇ ಇದೆ. ಜಡ್ಜ್ ಒಂದು ವಾಕ್ಯ ಹೇಳಿ ನಿಲ್ಲಿಸಿದರು. ದುಭಾಷಿ ಮುಗಿಸುವವರೆಗೆ ಕಾದರು. ಆ ಹೆಂಗಸು ತಲೆ ಆಡಿಸಿದರು. ಜಡ್ಜ್ ಮುಂದಕ್ಕೆ ಹೋಗಲಿಲ್ಲ. "ಅರ್ಥ ಆಯಿತು ಅಂತ ತಲೆ ಆಡಿಸಿದಿರೋ, ಗಾಬರಿಯಲ್ಲಿ ಆಡಿಸಿದಿರೋ?" ಅನ್ನುವ ಅರ್ಥದಲ್ಲಿ ಕೇಳಿದರು. ಆಕೆ ಏನೋ ಮೆಲ್ಲಗೆ ಹೇಳಿದರು. ಜಡ್ಜ್ ಮತ್ತೆ ಮೊದಲಿಂದ ಹೇಳಿದರು. ಎಲ್ಲಾ ಸೇರಿ ನಾಲ್ಕು ನಿಮಿಷ ಆಗಿರಬಹುದು. ಅದೇ ಕಟ್ಟಡದ ಇನ್ನೊಂದು ಹಾಲ್‌ನಲ್ಲಿ ಮತ್ತೊಬ್ಬ ಜಡ್ಜ್ ಫೈಲ್‌ನಿಂದ ಕಣ್ಣೆತ್ತದೆ ಹಕ್ಕುಗಳನ್ನು ಗಡಗಡ ಓದಿ ಮುಗಿಸಿದರು. ಎದುರಿಗೆ ನಿಂತ ಮುದುಕರು ತಮ್ಮ ಸರದಿ ಮುಗಿದದ್ದು ತಿಳಿಯದೆ ಅಲ್ಲೇ ನಿಂತಿದ್ದರು. ಕೋರ್ಟ್ ಹಾಲ್ ಕಾಯುವ ಬೇಲಿಫ್ ಬಂದು ಭುಜ ಮುಟ್ಟಿ ಕರೆದುಕೊಂಡು ಹೋದರು. ಇಬ್ಬರೂ ಕಾನೂನಿನ ಪ್ರಕಾರ ಸರಿಯಾಗಿಯೇ ಮಾಡಿರಬಹುದು. ನಾನು ಯಾರಿಗೆ ವೋಟು ಹಾಕುತ್ತೇನೆ ಅಂತ ನಿಮಗೆ ಹೇಳಬೇಕಿಲ್ಲ.

ಏನು ಗಮನಿಸಬೇಕು ಅಂತ ಕೇಳಿದರೆ, ತೀರ್ಪಿಗಿಂತ ನಡತೆ. ವಕೀಲರಿಲ್ಲದೆ ಬಂದವರ ಜೊತೆ ಹೇಗೆ ಮಾತಾಡುತ್ತಾರೆ, ಫೈಲ್ ಓದಿಕೊಂಡು ಬಂದಿದ್ದಾರೆಯೇ, ಎರಡೂ ಕಡೆಯವರಿಗೆ ಮಾತು ಮುಗಿಸಲು ಬಿಡುತ್ತಾರೆಯೇ, ಹೇಳಿದ ಹೊತ್ತಿಗೆ ಕೂರುತ್ತಾರೆಯೇ. ಎದುರಾಳಿ ಜಡ್ಜ್ ಅಲ್ಲದೆ ಸರ್ಕಾರಿ ವಕೀಲರಾಗಿದ್ದರೆ ಅವರು ವಾದಿಸುವುದನ್ನೂ ಹೀಗೆಯೇ ನೋಡಬಹುದು. ಅಂಗಳದಲ್ಲಿ ಕೂತ ವಕೀಲರನ್ನು ಮೆಲ್ಲಗೆ ಕೇಳಿದರೆ ಒಂದೆರಡು ಮಾತು ಸಿಗಬಹುದು. ಇಲ್ಲಿನ ಕಾನೂನಿನಲ್ಲಿ ಒಂದು ಸೌಲಭ್ಯ ಇದೆ. ಕೇಸು ನಡೆಸುವ ಪ್ರತಿ ಕಡೆಯೂ ಒಂದು ಸಲ, ಸಾಕ್ಷಿ ಪುರಾವೆ ಕೊಡದೆಯೇ, "ಈ ಜಡ್ಜ್ ಬೇಡ" ಅಂತ ಬರೆದುಕೊಡಬಹುದು. ಯಾವ ಜಡ್ಜ್ ಬೇಡ ಅಂತ ಪದೇ ಪದೇ ಬರೆದುಕೊಡುತ್ತಾರೆ ಅನ್ನುವುದು ವಕೀಲರಿಗೆಲ್ಲ ಗೊತ್ತಿರುತ್ತದೆ.

ಹೆಜ್ಜೆ 7: ಸಿಕ್ಕರೆ ಪ್ರಶ್ನೆ ಕೇಳಿ, ಆದರೆ ಸರಿಯಾದ ಪ್ರಶ್ನೆ

ಲೈಬ್ರರಿಯಲ್ಲೋ ದೇವಸ್ಥಾನದ ಸಭಾಂಗಣದಲ್ಲೋ ಅಭ್ಯರ್ಥಿಗಳು ಸಿಗಬಹುದು. ಕನ್ನಡ ಕೂಟದ ಕಾರ್ಯಕ್ರಮಕ್ಕೆ ಬಂದು ಕೈ ಮುಗಿಯುವವರೂ ಇದ್ದಾರೆ. ಆಗ "ಕಳ್ಳರಿಗೆ ಜಾಸ್ತಿ ಶಿಕ್ಷೆ ಕೊಡ್ತೀರಾ?" ಅಂತ ಕೇಳಬೇಡಿ. ಮುಂದೆ ತಮ್ಮ ಎದುರು ಬರಬಹುದಾದ ಕೇಸುಗಳ ಬಗ್ಗೆ ಇಂತಿಂಥ ತೀರ್ಪು ಕೊಡುತ್ತೇನೆ ಅಂತ ಮಾತು ಕೊಡುವುದಕ್ಕೆ ಜಡ್ಜ್‌ಗಳ ನೀತಿಸಂಹಿತೆ ಬಿಡುವುದಿಲ್ಲ. ಅಂಥ ಮಾತು ಕೊಟ್ಟವರನ್ನೇ ಅನುಮಾನದಿಂದ ನೋಡಿ. ಎಷ್ಟು ವಿಚಾರಣೆಗಳನ್ನು ಪೂರ್ತಿ ನಡೆಸಿದ್ದೀರಿ, ಕುಟುಂಬ ಕೋರ್ಟಿಗೆ ಹಾಕಿದರೆ ಹೇಗೆ ತಯಾರಾಗುತ್ತೀರಿ, ವಕೀಲರನ್ನು ಇಟ್ಟುಕೊಳ್ಳಲು ಆಗದವರಿಗೆ ನಿಮ್ಮ ಕೋರ್ಟಿನಲ್ಲಿ ಏನು ಬದಲಾಗಬೇಕು, ಈ ಕುರ್ಚಿಗೇ ಯಾಕೆ ನಿಂತಿರಿ ಅಂತ ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ಹಾಲಿ ಜಡ್ಜ್ ಕೆಲಸದಲ್ಲಿ ಕೊರತೆ ಕಂಡು ನಿಂತವರು ಅದನ್ನು ಬಿಡಿಸಿ ಹೇಳುತ್ತಾರೆ.

ಬೇರೆ ರಾಜ್ಯದಲ್ಲಿ ಇದ್ದರೆ

ಡಾಲಸ್, ಹ್ಯೂಸ್ಟನ್‌ನಲ್ಲಿರುವವರಿಗೆ ಲೆಕ್ಕವೇ ಬೇರೆ. ಟೆಕ್ಸಸ್‌ನಲ್ಲಿ ಡಿಸ್ಟ್ರಿಕ್ಟ್ ಜಡ್ಜ್‌ಗಳು ಪಕ್ಷದ ಹೆಸರಿನಲ್ಲೇ ನಿಲ್ಲುತ್ತಾರೆ, 4 ವರ್ಷದ ಅವಧಿ. ಹ್ಯೂಸ್ಟನ್ ಬ್ಯಾಲೆಟ್‌ನಲ್ಲಿ ಜಡ್ಜ್‌ಗಳದೇ ಉದ್ದದ ಪಟ್ಟಿ. ಇಲಿನಾಯ್‌ನಲ್ಲಿ ಒಮ್ಮೆ ಗೆದ್ದವರು ಮುಂದುವರಿಯಲು ಶೇಕಡಾ 60 "ಹೌದು" ವೋಟು ಬೇಕು. ನ್ಯೂಯಾರ್ಕ್‌ನಲ್ಲಿ "ಸುಪ್ರೀಂ ಕೋರ್ಟ್" ಅಂದರೆ ವಿಚಾರಣಾ ಕೋರ್ಟು, ಅವಧಿ 14 ವರ್ಷ, ಹೆಸರು ನೋಡಿ ಗೊಂದಲ ಬೇಡ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್‌ನಲ್ಲಿ ಜಡ್ಜ್‌ಗಳಿಗೆ ಚುನಾವಣೆಯೇ ಇಲ್ಲ. ನೀವು ಎಲ್ಲೇ ಇದ್ದರೂ 4, 5, 6ನೇ ಹೆಜ್ಜೆಗಳು ಉಪಯೋಗಕ್ಕೆ ಬರುತ್ತವೆ.

ಹೆಜ್ಜೆ 8: ಗುರುತು ಹಾಕಿ, ಸಹಿ ಮಾಡಿ, ಕಳಿಸಿ

ಎಲ್ಲಾ ನೋಡಿದ ಮೇಲೂ ಇಬ್ಬರೂ ಒಂದೇ ಅನ್ನಿಸಿದರೆ, ನಾನು ಸಾಮಾನ್ಯವಾಗಿ ಅನುಭವ ಇರುವ ಹಾಲಿ ಜಡ್ಜ್‌ಗೆ ಹಾಕುತ್ತೇನೆ. ನೀವು ಬೇರೆ ರೀತಿ ಯೋಚಿಸಬಹುದು. ಏನೂ ಗೊತ್ತಾಗಲಿಲ್ಲ ಅಂದರೆ ಆ ಜಾಗ ಖಾಲಿ ಬಿಟ್ಟರೂ ಉಳಿದ ವೋಟುಗಳಿಗೆ ತೊಂದರೆ ಇಲ್ಲ.

ಬ್ಯಾಲೆಟ್ ಮಡಚಿ ಲಕೋಟೆಗೆ ಹಾಕಿ, ಹೊರಗೆ ಸಹಿ ಮಾಡಿ. ಚುನಾವಣೆಯ ದಿನ ರಾತ್ರಿ 8 ಗಂಟೆಯ ಒಳಗೆ ಡ್ರಾಪ್ ಬಾಕ್ಸ್‌ಗೆ ಹಾಕುವುದು ಕ್ಷೇಮ. ಮತಗಟ್ಟೆಗೆ ಹೋಗುವುದಾದರೆ, ಓದಲು ಕಷ್ಟ ಇರುವ ಹಿರಿಯರ ಜೊತೆ ಸಹಾಯಕ್ಕೆ ಇಬ್ಬರವರೆಗೆ ಹೋಗಬಹುದು, ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಓದಿ ಹೇಳಬಹುದು.

ಸಹಿಯ ಬಗ್ಗೆ ಒಂದು ಮಾತು. ನಮ್ಮ ಅಮ್ಮ ಜೀವನಪೂರ್ತಿ ಕನ್ನಡದಲ್ಲೇ ಸಹಿ ಮಾಡಿದವರು. ಪೌರತ್ವ ಬಂದ ವರ್ಷ, ಇದು ಇಂಗ್ಲಿಷ್ ದೇಶದ ಕಾಗದ ಅಂತ ಲಕೋಟೆ ಮೇಲೆ ಕಷ್ಟಪಟ್ಟು ಇಂಗ್ಲಿಷ್‌ನಲ್ಲಿ ಹೆಸರು ಬರೆದರು. ದಾಖಲೆಯಲ್ಲಿ ಇದ್ದದ್ದು ಕನ್ನಡದ ಸಹಿ. ಎರಡೂ ಹೊಂದಲಿಲ್ಲ. ಕೆಲವು ದಿನಕ್ಕೆ ಪತ್ರ ಬಂತು: ಸಹಿ ತಾಳೆಯಾಗುತ್ತಿಲ್ಲ, ಈ ಫಾರ್ಮ್ ತುಂಬಿ ಕಳಿಸಿ ಅಂತ. ಹೀಗೆ ತಿಳಿಸಿ, ಸರಿಪಡಿಸಲು ಸಮಯ ಕೊಡುವುದು ಇಲ್ಲಿ ಕಡ್ಡಾಯ. ಅಂಥ ಪತ್ರ ಬಂದರೆ ಜಾಹೀರಾತು ಅಂದುಕೊಂಡು ಬಿಸಾಡಬೇಡಿ. ಅಮ್ಮ ಅಡುಗೆಮನೆಯ ಕಟ್ಟೆ ಮೇಲೆ ಫಾರ್ಮ್ ಇಟ್ಟುಕೊಂಡು, ಕನ್ನಡಕ ಸರಿಮಾಡಿಕೊಂಡು, ತಮ್ಮ ಹೆಸರನ್ನು ದುಂಡಗೆ ಕನ್ನಡದಲ್ಲಿ ಬರೆದರು. ಮರುವಾರ ವೆಬ್‌ಸೈಟಿನಲ್ಲಿ ನೋಡಿದರೆ ಅವರ ಬ್ಯಾಲೆಟ್ ಎಣಿಕೆಗೆ ಸೇರಿತ್ತು.